ಎರಡು ಕೊಳಗ: ಇಲ್ಲದ ದೇಶವೊಂದನ್ನು ಕಟ್ಟುತ್ತಿರುವ ಹುಡುಗನಿಗೆ

ಪ್ರೀತಿಯ ಮಗುವೇ,

ನಿನ್ನ ಹಸ್ತಪ್ರತಿಯ ಕಟ್ಟು ಕೈಸೇರಿ ಇಪ್ಪತ್ತು ದಿನವಾಯಿತು. 412 ಪುಟ. ಇಲ್ಲಿ ಮಳೆ ಹಿಡಿದಿದೆ, ಕರೆಂಟು ಬಂದರೆ ಬಂತು ಹೋದರೆ ಹೋಯಿತು. ಹಾಗಾಗಿ ಹಗಲು ಹೊತ್ತು ಜಗುಲಿಯ ಬೆಳಕಿನಲ್ಲೇ ಕೂತು ಓದಿದೆ. ಜೊತೆಗಿಟ್ಟಿದ್ದ ಚೀಟಿಯನ್ನು ಬೇಕೆಂದೇ ಕೊನೆಗೆ ಓದಿದೆ. ಇಬ್ಬರು ಪ್ರಕಾಶಕರು ವಾಪಸು ಕಳಿಸಿದ್ದಾರೆ, ಅವರಲ್ಲೊಬ್ಬರು ‘ಇದು ಕಾದಂಬರಿಯಲ್ಲ, ರಾಜ್ಯಶಾಸ್ತ್ರದ ನೋಟ್ಸು’ ಎಂದಿದ್ದಾರೆ, ಸುಟ್ಟುಬಿಡಲೇ ಮೇಡಂ ಎಂದು ಕೇಳಿದ್ದೀಯ.

ಸುಡಬೇಡ ಮಾರಾಯ. ಬೆಂಗಳೂರಿನ ಪೀಜಿ ಕೋಣೆಯಲ್ಲಿ, ಕೆಲಸ ಮುಗಿಸಿ ಬಂದ ಮೇಲೆ, ಎರಡು ವರ್ಷ ರಾತ್ರಿ ಹೊತ್ತು ಬರೆದದ್ದು ಅದು. ಕಾಗುಣಿತ, ಪ್ಯಾರಾ ಒಡೆಯುವುದು, ಪ್ರಕಾಶಕರ ಬಾಗಿಲು ಬಡಿಯುವುದು, ಇವನ್ನೆಲ್ಲ ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ನಾನು ಆ ತಂಟೆಗೆ ಹೋಗುವುದಿಲ್ಲ.

ನಿನ್ನ ದ್ವೀಪರಾಷ್ಟ್ರದಲ್ಲಿ ಏಳು ಪಕ್ಷಗಳಿವೆ. ಸಮಪಾಲು ಪಕ್ಷ, ಒಡೆತನ ಪಕ್ಷ, ಮುಕ್ತಪೇಟೆ ಪಕ್ಷ, ಹೀಗೆ. ಅನುಬಂಧದ ಅರವತ್ತು ಪುಟಗಳಲ್ಲಿ ಪ್ರತಿಯೊಂದರ ಬಾವುಟ, ಚಿಹ್ನೆ, ಹುಟ್ಟಿದ ವರ್ಷ, ಪ್ರಣಾಳಿಕೆ, ಕಳೆದ ಚುನಾವಣೆಯ ಮತಪ್ರಮಾಣ ಎಲ್ಲ ಇದೆ. ಶ್ರಮ ಕಾಣುತ್ತದೆ. ಆದರೆ ಆ ಅರವತ್ತು ಪುಟದಲ್ಲಿ ಒಂದು ಪಕ್ಷವೂ ಒಡೆದಿಲ್ಲ, ಒಬ್ಬನೂ ಪಕ್ಷ ಬಿಟ್ಟಿಲ್ಲ, ಒಬ್ಬರ ಮಾತನ್ನು ಇನ್ನೊಬ್ಬರು ಕದ್ದಿಲ್ಲ. ಚಿಹ್ನೆ ಎಂದರೆ ಏನೆಂದುಕೊಂಡಿದ್ದೀಯ? 1952ರ ಮೊದಲ ಮಹಾಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಡಬ್ಬಿ. ಓದಲು ಬಾರದವರೇ ಹೆಚ್ಚು, ಅದಕ್ಕೇ ಡಬ್ಬಿಯ ಮೇಲೆ ಚಿತ್ರ ಅಂಟಿಸಿದರು. ಜನ ಚಿತ್ರ ನೋಡಿ ಚೀಟಿ ಹಾಕಿದರು. ಹದಿನೇಳು ವರ್ಷ ಜೋಡೆತ್ತಿಗೆ ಓಟು ಹಾಕಿ ರೂಢಿಯಾದ ಮೇಲೆ 1969ರಲ್ಲಿ ಕಾಂಗ್ರೆಸ್ ಒಡೆಯಿತು. ಇಂದಿರಾ ಗಾಂಧಿಯವರ ಕಡೆಯವರು ಹಸು-ಕರು ಹಿಡಿದರು, ಅವರಿಗೆ ಎದುರಾಗಿದ್ದ ನಿಜಲಿಂಗಪ್ಪನವರ ಕಡೆಯವರಿಗೆ ಚರಕದ ಹೆಂಗಸು ಬಂದಳು. ಜೋಡೆತ್ತು ಇಬ್ಬರಿಗೂ ಇಲ್ಲ. ನಮ್ಮ ಮನೆಯ ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ಬರೆದಿದ್ದ ಎತ್ತಿನ ಜೋಡಿಯನ್ನು ಅಳಿಸಲು ನಮ್ಮ ದೊಡ್ಡಪ್ಪನಿಗೆ ಮನಸ್ಸೇ ಬರಲಿಲ್ಲ. ಮಳೆಗೆ ತಾನಾಗಿ ತೊಳೆದುಹೋಗುವ ತನಕ ಬಿಟ್ಟರು. ನಿನ್ನ ದೇಶದ ಒಂದು ಗೋಡೆಯಾದರೂ ಹಾಗಿರಬೇಕಿತ್ತು.

ವೀರೇಂದ್ರ ಪಾಟೀಲರನ್ನು ನೋಡು. ಕಾಂಗ್ರೆಸ್ ಒಡೆದಾಗ ಮುಖ್ಯಮಂತ್ರಿಯಾಗಿದ್ದವರು ನಿಜಲಿಂಗಪ್ಪನವರ ಕಡೆ ನಿಂತರು. 1978ರಲ್ಲಿ ಚಿಕ್ಕಮಗಳೂರಿನಲ್ಲಿ ಇಂದಿರಾ ಗಾಂಧಿಯವರ ಎದುರೇ ಜನತಾ ಪಕ್ಷದಿಂದ ನಿಂತು ಸೋತರು. 1989ರಲ್ಲಿ ಕಾಂಗ್ರೆಸ್ಸಿನಿಂದಲೇ ಮತ್ತೆ ಮುಖ್ಯಮಂತ್ರಿಯಾದರು. ಈ ಇಪ್ಪತ್ತು ವರ್ಷದಲ್ಲಿ ಆ ಮನುಷ್ಯನ ಒಳಗೆ ಏನೇನು ನಡೆದಿರಬಹುದು ಎನ್ನುವುದು ಕಾದಂಬರಿ. ಪ್ರಣಾಳಿಕೆಯಲ್ಲಿ ಅದು ಸಿಗುವುದಿಲ್ಲ.

ಇನ್ನು ನಾನು ನಿಜವಾಗಿ ಹೇಳಬೇಕಾದ ಮಾತು. ಹನ್ನೊಂದನೆಯ ಅಧ್ಯಾಯದಲ್ಲಿ ಒಡೆತನ ಪಕ್ಷದ ನಾಯಕ ಗೇಣಿದಾರರ ಕರಾರು ಪತ್ರಗಳನ್ನು ಹರಿಯುತ್ತಾ ಗಹಗಹಿಸಿ ನಗುತ್ತಾನೆ. ಆ ನಗು ಓದಿದ ಕೂಡಲೇ ಹಾಳೆ ಕೆಳಗಿಟ್ಟು ಒಳಗೆ ಹೋದೆ. ಆವತ್ತು ಮತ್ತೆ ಓದಲಾಗಲಿಲ್ಲ. ಯಾಕೆಂದರೆ ಅದೇ ನಗುವನ್ನು ನಾನು ಐವತ್ತು ವರ್ಷದ ಹಿಂದೆ ಬರೆದಿದ್ದೆ.

ನಮ್ಮದು ಸಾಗರ ತಾಲ್ಲೂಕು. ಕಾಗೋಡಿಗೆ ಎರಡು ಹರದಾರಿ. 1951ರಲ್ಲಿ ಅಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದಾಗ ನಾನು ಅಂಬೆಗಾಲು ದಾಟಿದ ಕೂಸು. ಆದರೆ ಬೆಳೆದದ್ದೆಲ್ಲ ಅದರ ಮಾತು ಕೇಳುತ್ತಲೇ. ಗಣಪತಿಯಪ್ಪನವರು ಗೇಣಿದಾರರನ್ನು ಒಟ್ಟು ಮಾಡಿದ್ದು, ಬಹುಪಾಲು ದೀವರ ಜಾತಿಯವರೇ ಆಗಿದ್ದ ಆ ಗೇಣಿದಾರರು ಒಡೆಯರ ಗದ್ದೆಗೆ ಇಳಿದು ಬಂಧನಕ್ಕೊಳಗಾದದ್ದು, ಸಮಾಜವಾದಿ ನಾಯಕ ಲೋಹಿಯಾ ಬಂದು ಜೂನ್ ತಿಂಗಳಲ್ಲಿ ದಸ್ತಗಿರಿಯಾದದ್ದು, ಮಾರನೆಯ ವರ್ಷವೇ ಅದೇ ಪಕ್ಷದ ಗೋಪಾಲಗೌಡರು ವಿಧಾನಸಭೆಗೆ ಗೆದ್ದು ಹೋದದ್ದು. ಇಷ್ಟಕ್ಕೆಲ್ಲ ಕಿಡಿ ಹೊತ್ತಿದ್ದು ಎಲ್ಲಿಂದ ಗೊತ್ತೇ? ಕೊಳಗದಿಂದ. ಗೇಣಿಯ ಭತ್ತ ಅಳೆದುಕೊಳ್ಳುವ ಪಾತ್ರೆಯಿಂದ. ಸರಿಯಾದ ಅಳತೆಗಿಂತ ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಾರೆ ಎಂಬುದು ರೈತರ ದೂರು. ‘ಸಮಾಜವಾದ’ ಎನ್ನುವ ಶಬ್ದ ಆ ಸೀಮೆಯ ಅಂಗಳಕ್ಕೆ ಬಂದದ್ದು ಆ ಪಾತ್ರೆಯ ಬಾಯಿಂದ.

ನಮ್ಮ ಮನೆಯಲ್ಲೂ ಎರಡು ಕೊಳಗ ಇದ್ದವು. ಮರದ ಮೈ, ಹಿತ್ತಾಳೆಯ ಕಟ್ಟು, ನೋಡಲು ಅಣ್ಣತಮ್ಮಂದಿರ ಹಾಗೆ. ಒಂದು ಆಷಾಢದಲ್ಲಿ ಗೇಣಿದಾರರಿಗೆ ಭತ್ತ ಸಾಲ ಕೊಡಲು, ಇನ್ನೊಂದು ಸುಗ್ಗಿಯಲ್ಲಿ ಅಳೆದುಕೊಳ್ಳಲು. ಕಾಲೇಜಿನಿಂದ ರಜೆಗೆ ಬಂದಾಗ ಒಂದು ಮಧ್ಯಾಹ್ನ ಅಜ್ಜ ಮಲಗಿದ್ದ ಹೊತ್ತು ನೋಡಿ ಸೇರಿನಿಂದ ಅಕ್ಕಿ ಹಾಕಿ ಅಳೆದೆ. ಮೊದಲನೆಯದಕ್ಕೆ ಮೂರು ಸೇರು ಹಿಡಿಯಿತು, ಎರಡನೆಯದಕ್ಕೆ ಮೂರೂವರೆ. ಅರ್ಧ ಸೇರು ಅಕ್ಕಿ ನನ್ನ ಅಂಗೈಯಲ್ಲಿ ಉಳಿದಿತ್ತು. ಆ ಭಾರ ಈಗಲೂ ಕೈಗೆ ನೆನಪಿದೆ.

ಅದನ್ನೇ ಕಥೆ ಮಾಡಿದೆ. ಮೊದಲ ಬರವಣಿಗೆಯಲ್ಲಿ ನಾನು ಕಂಡದ್ದನ್ನೇ ಬರೆದಿದ್ದೆ. ಅಜ್ಜ ಅಳೆಯುವ ಮುಂಚೆ ಕಾಲು ತೊಳೆದು ಬರುತ್ತಿದ್ದ. ರಾಶಿಗೆ ಕೈಮುಗಿದು, ಕಣ್ಣು ಮುಚ್ಚಿ, ಮೊದಲ ಕೊಳಗಕ್ಕೆ ‘ಲಾಭ’ ಎನ್ನುತ್ತಿದ್ದ, ಆಮೇಲೆ ಎರಡು, ಮೂರು. ಒದ್ದೆ ಭತ್ತ ಒಣಗಿ ಕುಗ್ಗುತ್ತದೆ, ಇಲಿ ಹೆಗ್ಗಣದ ಪಾಲು ಹೋಗುತ್ತದೆ, ಸರ್ಕಾರಕ್ಕೆ ಕಂದಾಯ ಕಟ್ಟುವವನು ನಾನು, ನನ್ನ ಅಪ್ಪ ಇದರಲ್ಲೇ ಅಳೆದದ್ದು ಎಂದು ಅವನ ಲೆಕ್ಕ. ಅದನ್ನು ಅವನು ನಂಬಿದ್ದ. ಗೇಣಿದಾರನ ಹೆಂಡತಿಗೆ ಹೆರಿಗೆ ಕಷ್ಟವಾದಾಗ ನಡುರಾತ್ರಿ ಗಾಡಿ ಕಟ್ಟಿಸಿ ಸಾಗರಕ್ಕೆ ಕಳಿಸಿದವನೂ ಅವನೇ, ಮಾರನೆಯ ಸುಗ್ಗಿಗೆ ಅದೇ ಮನೆಯವರ ಭತ್ತವನ್ನು ದೊಡ್ಡ ಕೊಳಗದಲ್ಲಿ ಅಳೆದುಕೊಂಡವನೂ ಅವನೇ.

ಕಥೆ ಕಳಿಸಿದ ಪತ್ರಿಕೆಯ ಸಂಪಾದಕರು ಆ ಕೈಮುಗಿಯುವ ಸಾಲುಗಳ ಮೇಲೆ ಗೀಟು ಹೊಡೆದು, ಪಕ್ಕದಲ್ಲಿ ‘ಇಲ್ಲಿ ಒಡೆಯ ನಕ್ಕರೆ ಪರಿಣಾಮ ಹೆಚ್ಚು’ ಎಂದು ಬರೆದು ವಾಪಸು ಕಳಿಸಿದರು. ನನಗೆ ಇಪ್ಪತ್ತೈದು ವರ್ಷ. ದೀಪಾವಳಿ ವಿಶೇಷಾಂಕದಲ್ಲಿ ಹೆಸರು ಬರುತ್ತದೆ. ನಗಿಸಿದೆ. ಗೀಟು ಹೊಡೆದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಲೇಖನಿ ಹಿಡಿದಿದ್ದ ಕೈ ನನ್ನದು.

ಹೊಗಳಿಕೆ ಹೇಗೆ ಬಂತು ಅಂತೀಯ! ಶಿವಮೊಗ್ಗದ ಗೆಳೆಯರು ಸಭೆ ಮಾಡಿ ಕಥೆ ಓದಿಸಿದರು. ಬಹುಮಾನ ಬಂತು. ಅಜ್ಜ ಭೂತಗನ್ನಡಿ ಹಿಡಿದು ಪೂರ್ತಿ ಓದಿದ. ಒಂದು ಮಾತೂ ಆಡಲಿಲ್ಲ, ವಿಶೇಷಾಂಕವನ್ನು ಮಡಿಸಿ ಪಂಚಾಂಗದ ಅಡಿಗಿಟ್ಟ. ಅದೂ ಹೋಗಲಿ. ನನ್ನನ್ನು ಅಲ್ಲಾಡಿಸಿದ್ದು ಬೇರೆ. ನಮ್ಮ ಹಳೆಯ ಗೇಣಿದಾರರೊಬ್ಬರಿಗೆ ಮಗ ಕಥೆ ಓದಿ ಹೇಳಿದ್ದನಂತೆ. ಸಂತೆಯಲ್ಲಿ ಸಿಕ್ಕಾಗ ಅವರು ತಲೆ ಮೇಲಿನ ಹೊರೆ ಇಳಿಸಿಕೊಂಡು ಹೇಳಿದರು: “ಅಮ್ಮಾ, ಒಡೇರು ಹಂಗೆ ನಕ್ಕಿದ್ರೆ ನಾವು ಅವತ್ತೇ ಎದ್ದು ನಿಲ್ತಿದ್ವಿ. ಕೈ ಮುಗಿದು ಅಳೀತಿದ್ರಲ್ಲ, ಅದಕ್ಕೇ ನಮ್ಮಪ್ಪನ ಕಾಲ, ನನ್ನ ಅರ್ಧ ಕಾಲ ಅದರಾಗೇ ಹೋತು.”

ತಿಳಿಯಿತೇ ಮಗೂ? ಆ ಅನ್ಯಾಯದ ಬೇರು ಇದ್ದದ್ದೇ ಕೈಮುಗಿಯುವ ಜಾಗದಲ್ಲಿ. ನಾನು ಅದನ್ನು ಹೊಡೆದುಹಾಕಿ ಅಜ್ಜನನ್ನು ಕಂಪನಿ ನಾಟಕದ ಖಳನನ್ನಾಗಿ ಮಾಡಿದೆ. ಓದಿದವರೆಲ್ಲ ‘ನಾವು ಇಂಥವರಲ್ಲ’ ಎಂದು ನೆಮ್ಮದಿಯಿಂದ ಪುಟ ತಿರುಗಿಸಿದರು. ಅವರ ಮನೆಯ ಅಟ್ಟದ ಮೇಲೂ ಎರಡು ಕೊಳಗ ಇದ್ದವು, ಆದರೆ ಅವರು ಯಾರೂ ನಕ್ಕು ಅಳೆದವರಲ್ಲವಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಒಡೆತನ ಪಕ್ಷದ ನಿನ್ನ ನಾಯಕ ಏನನ್ನು ನಂಬುತ್ತಾನೆ? ರಾತ್ರಿ ದೀಪ ಆರಿಸಿದ ಮೇಲೆ ತನಗೆ ತಾನೇ ಏನು ಹೇಳಿಕೊಳ್ಳುತ್ತಾನೆ? 1959ರಲ್ಲಿ ರಾಜಾಜಿ ಸ್ವತಂತ್ರ ಪಕ್ಷ ಕಟ್ಟಿದರು. ಸಹಕಾರಿ ಬೇಸಾಯದ ಬಗ್ಗೆ ಕಾಂಗ್ರೆಸ್ ನಾಗಪುರದಲ್ಲಿ ಮಾಡಿದ ಠರಾವು ರೈತನ ನೆಲವನ್ನೇ ಕಿತ್ತುಕೊಳ್ಳುತ್ತದೆ ಎಂಬ ಭಯ ಅದರ ಹಿಂದಿತ್ತು. ಪರ್ಮಿಟ್, ಲೈಸೆನ್ಸುಗಳ ಆಳ್ವಿಕೆಯ ವಿರುದ್ಧ ಅವರು ಎತ್ತಿದ ಮಾತಿಗೆ ಜನ ಕಿವಿಗೊಟ್ಟರು, 1967ರಲ್ಲಿ ಲೋಕಸಭೆಯಲ್ಲಿ 44 ಸ್ಥಾನ ಗೆದ್ದು ವಿರೋಧ ಪಕ್ಷಗಳಲ್ಲೇ ದೊಡ್ಡದಾಯಿತು. ನಾನು ಆ ಪಕ್ಷವನ್ನು ಒಪ್ಪಿದವಳಲ್ಲ, ಈಗಲೂ ಒಪ್ಪುವುದಿಲ್ಲ. ಆದರೆ ಅದರ ವಾದವನ್ನು ನಾನೇ ಎದ್ದು ನಿಂತು ಮಂಡಿಸಬೇಕಾದರೆ ಎಷ್ಟು ಚೆನ್ನಾಗಿ ಮಂಡಿಸಬಲ್ಲೆ? ಈ ಪರೀಕ್ಷೆಯನ್ನು ನಾನು ಬಹಳ ತಡವಾಗಿ ಕೊಟ್ಟುಕೊಂಡೆ. ನೀನು ಇವತ್ತೇ ಕೊಟ್ಟುಕೋ. ಆ ಪಕ್ಷದ ಕಟ್ಟಾಳೊಬ್ಬ ನಿನ್ನ ಪುಟ ಓದಿ ‘ಹೌದು, ನನ್ನ ಮನಸ್ಸಿನಲ್ಲಿದ್ದದ್ದು ಇದೇ’ ಎನ್ನಬೇಕು. ಎಂದ ಮೇಲೆ ಅದೇ ಪುಟದ ಮುಂದೆ ಅವನಿಗೆ ನಿದ್ದೆ ಬರಬಾರದು.

ಹಳೆಯ ಮೈಸೂರಿನ ಕಥೆ ಗೊತ್ತಿರಬೇಕು. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು, ಬ್ರಾಹ್ಮಣೇತರರಿಗೂ ಸರ್ಕಾರಿ ನೌಕರಿಯಲ್ಲಿ ಪಾಲು ಬೇಕೆಂದು ಕೇಳಿತು. ಮರುವರ್ಷ ಆ ಬೇಡಿಕೆಯನ್ನು ಪರಿಶೀಲಿಸಲು ಮಿಲ್ಲರ್ ಸಮಿತಿ ನೇಮಕವಾಯಿತು. ಅರ್ಹತೆಯೊಂದೇ ಅಳತೆಗೋಲು ಎಂದು ನಂಬಿದ್ದ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟರು. ನನ್ನ ಮನಸ್ಸು ಪಾಲು ಕೇಳಿದವರ ಕಡೆಗೇ ಇದೆ. ಆದರೂ ಆ ರಾಜೀನಾಮೆ ಬರೆದ ಕೈಯನ್ನು ಲಘುವಾಗಿ ಕಂಡರೆ ಎರಡೂ ಕಡೆಯ ಕಥೆ ಕೆಡುತ್ತದೆ.

ನಿನ್ನ ಪ್ರೀತಿಯ ಸಮಪಾಲು ಪಕ್ಷದ ಮೇಲಂತೂ ನನಗೆ ಇನ್ನೂ ಸಿಟ್ಟು. ಅದರೊಳಗೆ ಒಬ್ಬನೂ ಸಣ್ಣವನಿಲ್ಲ! ಎಪ್ಪತ್ತರ ದಶಕದಲ್ಲಿ ನಮ್ಮ ಅಧ್ಯಯನ ಕೂಟಗಳಲ್ಲಿ ಗಂಡಸರು ಸಮಾನತೆಯ ಮೇಲೆ ಎರಡು ತಾಸು ಮಾತಾಡುತ್ತಿದ್ದರು. ನಾನೂ ಇನ್ನಿಬ್ಬರು ಹುಡುಗಿಯರೂ ಒಳಗೆ ಇಪ್ಪತ್ತು ಲೋಟ ಚಹಾ ಸೋಸಿ, ಲೋಟ ತೊಳೆದು ಬರುವ ಹೊತ್ತಿಗೆ ಠರಾವು ಪಾಸಾಗಿರುತ್ತಿತ್ತು. ಅವರನ್ನು ನಾನು ಪ್ರೀತಿಸಿದ್ದೆ, ಅವರ ಮಾತು ನನ್ನ ಜೀವನ ಬದಲಿಸಿತು. ಆ ಲೋಟಗಳನ್ನು ಬರೆಯದೇ ಹೋದದ್ದು ನನ್ನ ಇನ್ನೊಂದು ತಪ್ಪು. ಆ ಸಮಾಜವಾದಿಗಳೋ, 1952ರಲ್ಲಿ ಕೂಡಿದರು, 1955ರಲ್ಲಿ ಒಡೆದರು, 1964ರಲ್ಲಿ ಮತ್ತೆ ಕೂಡಿದರು, ಮತ್ತೆ ಒಡೆದರು. ಜೈಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು ಮಾತು ಬಿಟ್ಟರು. ಅವರು ಬಿತ್ತಿದ ‘ಉಳುವವನೇ ಹೊಲದೊಡೆಯ’ ಎಂಬ ಮಾತನ್ನು ಕೊನೆಗೆ ಕಾನೂನು ಮಾಡಿದ್ದು ಕಾಂಗ್ರೆಸ್ಸಿನ ದೇವರಾಜ ಅರಸು. 1974ರ ಮಾರ್ಚ್ 1ರಿಂದ ಅದು ಜಾರಿಗೆ ಬಂತು. ಗೋಪಾಲಗೌಡರು ಅದನ್ನು ನೋಡಲಿಲ್ಲ, 1972ರಲ್ಲೇ ತೀರಿಕೊಂಡಿದ್ದರು. ನಮ್ಮೂರಲ್ಲಿ ಜನ ತಾವು ಉಳುವ ಗದ್ದೆ ತಮಗೆ ಸೇರಬೇಕೆಂದು ಡಿಕ್ಲರೇಷನ್ ಅರ್ಜಿ ಹಾಕಲು ಸಾಲುಗಟ್ಟಿ ನಿಂತರು. ಸಂತೆಯಲ್ಲಿ ನನಗೆ ಆ ಮಾತು ಹೇಳಿದವರೂ ಹಾಕಿದರು, ನಮ್ಮ ಮೇಲೆಯೇ. ಅಜ್ಜ ತಕರಾರು ಮಾಡಲಿಲ್ಲ. ಗದ್ದೆ ಹೋಯಿತು, ಕೊಳಗ ಉಳಿಯಿತು.

ನಿನ್ನ ಅನುಬಂಧವನ್ನು ಹರಿಯಬೇಡ, ನಿನ್ನ ಹತ್ತಿರವೇ ಇಟ್ಟುಕೋ. ಓದುಗನಿಗೆ ಕೊಡಬೇಡ. ಏಳು ಪಕ್ಷಗಳ ಸಿದ್ಧಾಂತ ಅವನಿಗೆ ನಿನ್ನ ದ್ವೀಪದ ಅಳತೆಯ ಪಾತ್ರೆಗಳಿಂದ, ಅಡುಗೆಮನೆಯಿಂದ, ಮಳೆಗೆ ಮಾಸುವ ಗೋಡೆಯಿಂದ ತಿಳಿಯಲಿ. ಹನ್ನೊಂದನೆಯ ಅಧ್ಯಾಯವನ್ನು ಹೊಸದಾಗಿ ಬರೆ. ಬರೆದದ್ದನ್ನು ಗೆಳೆಯರಿಗೆ ಓದಿಸುವ ಮೊದಲು ಮೂರು ತಿಂಗಳು ಪೆಟ್ಟಿಗೆಯಲ್ಲಿಡು. ಅವರ ಚಪ್ಪಾಳೆ ಕಿವಿಗೆ ಬಿದ್ದ ಮೇಲೆ ನಿನಗೆ ನಿನ್ನ ಸಾಲು ಕೇಳಿಸುವುದಿಲ್ಲ. ನನಗೆ ಹಾಗೇ ಆದದ್ದು.

ಈ ಕಡೆ ಬಂದರೆ ಮನೆಗೆ ಬಾ. ಎರಡೂ ಕೊಳಗ ಅಟ್ಟದಿಂದ ಇಳಿಸಿ ಇಟ್ಟಿರುತ್ತೇನೆ, ನೀನೇ ಅಕ್ಕಿ ಹಾಕಿ ಅಳೆದು ನೋಡು.

ಒಂದು ಮರೆತೆ. ಪುಟ 212ರಲ್ಲಿ ಒಬ್ಬ ದರ್ಜಿ ಬರುತ್ತಾನಲ್ಲ, ಏಳೂ ಪಕ್ಷಗಳ ಬಾವುಟ ಹೊಲಿಯುವವನು, ಉಳಿದ ತುಂಡುಗಳನ್ನು ಸೇರಿಸಿ ಮಗುವಿಗೆ ಕೌದಿ ಮಾಡುವವನು. ಅವನನ್ನು ಮೂರು ಪ್ಯಾರಾದಲ್ಲಿ ಮುಗಿಸಿಬಿಟ್ಟಿದ್ದೀಯ. ನಾನು ಆ ಪುಟವನ್ನು ನಾಲ್ಕು ಸಲ ಓದಿದೆ. ಅವನಿಗೆ ಆರು ಪಕ್ಷದವರು ಹಣ ಕೊಟ್ಟಿದ್ದಾರೆ, ಒಂದು ಪಕ್ಷದವರು ಬಾಕಿ ಉಳಿಸಿಕೊಂಡಿದ್ದಾರೆ ಎಂದು ಬರೆದಿದ್ದೀಯ, ಯಾವ ಪಕ್ಷವೆಂದು ಹೇಳಿಲ್ಲ. ಅದು ಸಮಪಾಲು ಪಕ್ಷವೇ? ಆಗಿದ್ದರೂ ಅವನು ಓಟು ಹಾಕಿದ್ದು ಅವರಿಗೇನಾ? ಅವನ ಹೆಂಡತಿ ಯಾರಿಗೆ ಹಾಕಿದಳು? ಬರೆದು ಕಳಿಸು, ಕಾಯುತ್ತಿರುತ್ತೇನೆ.

ಆಶೀರ್ವಾದಗಳೊಂದಿಗೆ,
ನಿನ್ನ ಅಜ್ಜಿಯ ವಯಸ್ಸಿನವಳು