ಉಪಗ್ರಹದ ಪಾಲು ಹಳ್ಳಿಗೂ ಸಿಗಲಿ

ಮಾನ್ಯರೇ,

ನಮ್ಮ ಸಂವಹನ ಉಪಗ್ರಹಗಳನ್ನು ವಿದೇಶಿ ರಾಕೆಟ್‌ನಲ್ಲಿ ಹಾರಿಸುವುದು ದೇಶದ ಹಿರಿಮೆಗೆ ಕುಂದು ಎಂಬ ಆಕ್ಷೇಪದಲ್ಲಿ ಹುರುಳಿಲ್ಲ. 1981ರಲ್ಲಿ ಇಸ್ರೊದ ‘ಆ್ಯಪಲ್’ ಉಪಗ್ರಹವನ್ನು ಒಯ್ದದ್ದು ಯುರೋಪಿನ ಏರಿಯಾನ್ ರಾಕೆಟ್. 1983ರಲ್ಲಿ ಅಮೆರಿಕದಲ್ಲೇ ತಯಾರಾದ ಇನ್‌ಸ್ಯಾಟ್–1ಬಿಯನ್ನು ಅಲ್ಲಿನ ಚಾಲೆಂಜರ್ ನೌಕೆ ಬಾಹ್ಯಾಕಾಶಕ್ಕೆ ಸಾಗಿಸಿತು, ದೂರದರ್ಶನ ದೇಶದಗಲ ಹರಡಲು ಅದು ನೆರವಾಯಿತು. 2024ರ ನವೆಂಬರ್‌ನಲ್ಲಿ 4,700 ಕೆ.ಜಿ. ತೂಕದ ಬ್ರಾಡ್‌ಬ್ಯಾಂಡ್ ಉಪಗ್ರಹ ಜಿಸ್ಯಾಟ್–ಎನ್2 ನಮ್ಮ ಎಲ್‌ವಿಎಂ–3 ರಾಕೆಟ್ ಹೊರಬಲ್ಲ ಭಾರವನ್ನು ಮೀರಿದ್ದರಿಂದ ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್–9 ಬಳಸಲಾಯಿತು. ಬೇರೆ ದೇಶಗಳ ನೂರಾರು ಉಪಗ್ರಹಗಳು ಶ್ರೀಹರಿಕೋಟಾದಿಂದ ಹಾರಿವೆ. ಆ ದೇಶಗಳೇನೂ ನಾಚಿಕೊಂಡಂತೆ ಕಾಣುವುದಿಲ್ಲ.

ಕೇಳಬೇಕಾದುದು, ಹೀಗೆ ಮೇಲೇರಿದ ಉಪಗ್ರಹದ ಬ್ರಾಡ್‌ಬ್ಯಾಂಡ್ ಯಾರಿಗೆ ದಕ್ಕುತ್ತದೆ ಎಂಬುದನ್ನು. ಪಾವಗಡ, ಮಧುಗಿರಿ ಭಾಗದ ಬೆಟ್ಟದ ಮರೆಯ ಕೆಲವು ಹಳ್ಳಿಗಳಲ್ಲಿ ಮೊಬೈಲ್ ಸಿಗ್ನಲ್‌ಗಾಗಿ ಇಂದಿಗೂ ದಿಬ್ಬ ಹತ್ತಬೇಕಾದ ಸ್ಥಿತಿಯಿದೆ. ಆದ್ದರಿಂದ, ಜಿಸ್ಯಾಟ್–ಎನ್2 ಉಪಗ್ರಹದ ಒಡೆತನ ಹೊಂದಿರುವ ಸರ್ಕಾರಿ ಸಂಸ್ಥೆ ನ್ಯೂಸ್ಪೇಸ್ ಇಂಡಿಯಾ, ಅದರ ಸಾಮರ್ಥ್ಯದ ಒಂದು ಪಾಲನ್ನು ಇಂತಹ ಹಳ್ಳಿಗಳ ಸರ್ಕಾರಿ ಶಾಲೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಕಡಿಮೆ ದರದಲ್ಲಿ ಮೀಸಲಿಡಬೇಕು. ಸಂಪರ್ಕವಿಲ್ಲದ ಗ್ರಾಮಗಳ ಪಟ್ಟಿಯನ್ನು ತುಮಕೂರು ಜಿಲ್ಲಾ ಪಂಚಾಯಿತಿ ಈಗಲೇ ಸಿದ್ಧಪಡಿಸಿ, ರಾಜ್ಯ ಸರ್ಕಾರದ ಮೂಲಕ ಕೇಂದ್ರಕ್ಕೆ ಸಲ್ಲಿಸಬೇಕು.

– ನಿವೃತ್ತ ಶಿಕ್ಷಕ, ಮಧುಗಿರಿ