ಅಡಿಕೆ ಸುಲಿಯುವ ಅಕ್ಕಂದಿರಿಗೆ

ನಿನ್ನೆ ರಾತ್ರಿ ತೀರ್ಥಹಳ್ಳಿ ಹತ್ತಿರದ ನಮ್ಮೂರಲ್ಲಿ, ಅಡಿಕೆ ಒಣಗಿಸುವ ಅಂಗಳದಲ್ಲೇ ಬಿಳಿ ಬಟ್ಟೆ ಕಟ್ಟಿ ನನ್ನ ಮೊದಲ ಸಿನಿಮಾ ತೋರಿಸಿದೆವು. ಮೂರು ವರ್ಷದ ಕೆಲಸ. ಬೆಳಗ್ಗೆಯಿಂದ ಫೋನ್ ಬರ್ತಾನೇ ಇದೆ. ಎಲ್ಲರಿಗೂ ಧನ್ಯವಾದ. ಆದರೆ ಕೆಲವರ ಋಣ ಬಿಡಿಸಿ ಹೇಳಲೇಬೇಕು.

ಅರ್ಧ ಚಿತ್ರೀಕರಣ ಆಗಿದ್ದಾಗ ದುಡ್ಡು ಹಾಕುತ್ತಿದ್ದವರು ಹಿಂದೆ ಸರಿದರು. ತಂಡದಲ್ಲಿ ಹನ್ನೊಂದು ಜನ ಉಳಿದೆವು. ಒಬ್ಬರೂ ಸಂಬಳದ ಮಾತೆತ್ತಲಿಲ್ಲ. ಚಿಕ್ಕಮ್ಮ ಜಗಲಿಯಲ್ಲಿ ಸಾಲಾಗಿ ಹಾಸಿಗೆ ಹಾಸಿದರು. ಬೆಳಗ್ಗೆ ಕಡುಬು, ರಾತ್ರಿ ಗಂಜಿ, ಜೊತೆಗೆ ಅಪ್ಪೆಮಿಡಿ. ನಲವತ್ತು ದಿನ ಹೀಗೇ ನಡೆಯಿತು.

ಪ್ರೇಮಾ ಕಾರಂತರನ್ನು ನಾನು ಕಂಡವಳಲ್ಲ. 2007ರಲ್ಲಿ ಅವರು ತೀರಿಕೊಂಡಾಗ ನಾನಿನ್ನೂ ಶಾಲೆಯಲ್ಲಿದ್ದೆ. ಕನ್ನಡದ ಮೊದಲ ಮಹಿಳಾ ನಿರ್ದೇಶಕಿ ಎಂದು ಹೆಸರಾದವರು. ಅವರ 'ಫಣಿಯಮ್ಮ' ನಮ್ಮ ತೀರ್ಥಹಳ್ಳಿಯವರೇ ಆದ ಎಂ.ಕೆ. ಇಂದಿರಾ ಬರೆದ ಕಾದಂಬರಿಯಿಂದ ಮಾಡಿದ ಸಿನಿಮಾ, ಬಾಲವಿಧವೆಯೊಬ್ಬಳ ಬದುಕು. ನಮ್ಮ ಮನೆಯ ಒಳಕೋಣೆಯಲ್ಲೂ ಅಂಥ ಅಜ್ಜಿ ಒಬ್ಬರಿದ್ದರಂತೆ. ಅವರದೊಂದು ಫೋಟೋ ಕೂಡ ಇಲ್ಲ. ಆ ಸಿನಿಮಾ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಕಡೆ ಹೆಂಗಸರ ಮುಖ ತೆರೆ ಮೇಲೆ ಉಳಿಯಬೇಕು ಅನ್ನಿಸಿದ್ದು ಆಗಲೇ.

ಇನ್ನು ಅಡಿಕೆ ಸುಲಿಯುವ ಅಕ್ಕಂದಿರು. ಮೆಟ್ಟುಗತ್ತಿ ಮುಂದೆ ಕೂತು ಸುಲಿಯುತ್ತಿರುವಾಗಲೇ ನಾಯಕಿಗೆ ಮಗಳು ಓದು ಬಿಟ್ಟ ಸುದ್ದಿ ತಿಳಿಯುವ ದೃಶ್ಯ. ನಾಲ್ಕು ಟೇಕ್ ಆಯ್ತು. ನನಗೆ ಸರಿ ಅನ್ನಿಸಿತ್ತು. ಪಕ್ಕದಲ್ಲಿದ್ದ ಅಕ್ಕ ಕೈ ನಿಲ್ಲಿಸದೆ ಹೇಳಿದರು: "ಅಲ್ಲ ಮಾರಾಯ್ತಿ, ಹಿಂಗೆ ಕಾಯಿ ನೋಡ್ಕೊಂಡು ಯಾರು ಸುಲಿತಾರೆ? ಅದು ಕೈಗೆ ಗೊತ್ತಿರತ್ತೆ."

ಎರಡು ದಿನ ಚಿತ್ರೀಕರಣ ನಿಲ್ಲಿಸಿದೆ. ನಾಯಕಿ ಆ ಅಕ್ಕನ ಪಕ್ಕ ಕೂತು ಕಲಿತರು. ಚೊಗರು ಹತ್ತಿ ಉಗುರು ಕಪ್ಪಾಯಿತು, ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡರು. ಮತ್ತೆ ತೆಗೆದಾಗ ಸುದ್ದಿ ಕೇಳಿದ ಕಣ್ಣು ಅಲ್ಲೇ ನಿಂತಿತು, ಕೈ ಮಾತ್ರ ಸುಲಿಯುತ್ತಲೇ ಇತ್ತು. ನನ್ನ ಇಡೀ ಸಿನಿಮಾ ನಿಂತಿರುವುದು ಆ ಒಂದು ಟೇಕ್ ಮೇಲೆ.

ನಿನ್ನೆ ಆ ದೃಶ್ಯ ಬಂದಾಗ ಅದೇ ಅಕ್ಕ ಪಕ್ಕದವರನ್ನು ತಿವಿದು, "ಹಾಂ, ಈಗ ಸರಿಯಾಯ್ತು ನೋಡು" ಅಂದದ್ದು ನನಗೆ ಕೇಳಿಸಿತು.

ಅಕ್ಕಾ, ನಿಮ್ಮ ಹೆಸರು ಸಿನಿಮಾದ ಕೊನೆಯಲ್ಲಿ ಬಂತು, ಅಷ್ಟೊತ್ತಿಗೆ ಎಲ್ಲರೂ ಎದ್ದುಬಿಟ್ಟಿದ್ದರು. ಅದನ್ನು ಶುರುವಿಗೇ ತರ್ತಿದ್ದೀನಿ. ಮುಂದಿನ ವಾರ ಶಿವಮೊಗ್ಗದಲ್ಲಿ ತೋರಿಸುವಾಗ ಬಂದು ನೋಡಿ.