ಪುಸ್ತಕದ ಸ್ಟ್ಯಾಂಡ್ ವಹಿಸಿಕೊಂಡ ತಮ್ಮನ ಮಗನಿಗೆ

ಪ್ರೀತಿಯ ಮಗಾ,

ಅಂಧೇರಿಯ ನಮ್ಮ ಚರ್ಚಿನ ಗೇಟಿನ ಹತ್ತಿರದ ಪುಸ್ತಕದ ಸ್ಟ್ಯಾಂಡನ್ನು ಇನ್ನು ಮೇಲೆ ನೀನೇ ನೋಡಿಕೊಳ್ಳುತ್ತೀ ಅಂತ ನಿನ್ನ ಅಪ್ಪ ಫೋನ್ ಮಾಡಿ ಹೇಳಿದ. ಖುಷಿಯಾಯ್ತು. ಆದರೆ ಹೋದ ಭಾನುವಾರ ಅದರ ಅವಸ್ಥೆ ನೋಡಿದ ಮೇಲೆ ಸುಮ್ನಿರಲು ಆಗಲಿಲ್ಲ.

ಮೇಲಿನ ಸಾಲಿನ ಕರಪತ್ರಗಳ ಕೆಂಪು ಬಣ್ಣವೆಲ್ಲ ಬಿಸಿಲಿಗೆ ಹಾರಿಹೋಗಿ ಬರೀ ಮಾಸಲು ನೀಲಿ ಉಳಿದಿದೆ. ಮೂಲೆಗಳು ಮಡಚಿವೆ. ನಡುವೆ ಯಾರೋ ತುರುಕಿದ ವಡಾಪಾವಿನ ಕಾಗದ, ಹೋದ ವರ್ಷದ ಕ್ರಿಸ್ಮಸ್ ಕೂಟದ ಚೀಟಿ. ಇವರಿಗೇ ಬೇಡದ್ದನ್ನು ನಮಗೆ ಕೊಡುತ್ತಿದ್ದಾರೆ ಅಂತ ದಾರಿಯಲ್ಲಿ ಹೋಗುವವರಿಗೆ ಅನಿಸುತ್ತೆ, ಅಲ್ವಾ? ಒಳಗೆ ಎಂಥ ಮಾತಿದ್ದರೂ ಆ ಧೂಳು ಮುಟ್ಟಿ ಯಾರು ಓದುತ್ತಾರೆ ಮಾರಾಯ.

ಮೊದಲು, ಜಾಸ್ತಿ ತುಂಬಿಸಬೇಡ. ಒಂದು ಖಾನೆಗೆ ಒಂದೇ ಬಗೆ, ಹತ್ತು ಹನ್ನೆರಡು ಪ್ರತಿ ಸಾಕು. ತುರುಕಿಟ್ಟರೆ ಒಂದನ್ನು ಎಳೆದಾಗ ನಾಲ್ಕು ಕೆಳಗೆ ಬೀಳುತ್ತವೆ, ಎಳೆದವರು ಮುಜುಗರಪಟ್ಟು ಹಾಗೇ ಹೊರಟುಬಿಡುತ್ತಾರೆ. ಕಣ್ಣಿನ ಮಟ್ಟಕ್ಕೆ ಮರಾಠಿ, ಹಿಂದಿ ಇಡು. ಕನ್ನಡ ಕೆಳಗಿದ್ದರೂ ನಮ್ಮವರು ಬಗ್ಗಿ ಹುಡುಕುತ್ತಾರೆ, ಬೇರೆಯವರು ಬಗ್ಗುವುದಿಲ್ಲ. ಇದಕ್ಕೆ ಹಿರಿಯರು ಒಬ್ಬಿಬ್ಬರು ಗೊಣಗಬಹುದು. ಗೊಣಗಲಿ ಬಿಡು.

ದೊಡ್ಡ ಕಾಟ ಮಳೆಗಾಲದ್ದು. ಮುಂಬೈಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಹನಿ ನೇರ ಬೀಳದಿದ್ದರೂ ಗಾಳಿಯ ತೇವಕ್ಕೇ ಕಾಗದ ಮೆತ್ತಗಾಗಿ ಬೂಸ್ಟು ಹಿಡಿಯುತ್ತದೆ. ಎಲ್ಲರೂ ಪ್ಲಾಸ್ಟಿಕ್ ಹೊದಿಸಿ ಬಿಗಿಯಾಗಿ ಕಟ್ಟಿಬಿಡುತ್ತಾರೆ, ಆಮೇಲೆ ಒಳಗಿನ ತೇವ ಒಳಗೇ ಕೂತು ಇನ್ನಷ್ಟು ಹಾಳಾಗುತ್ತದೆ. ಆರಾಧನೆ ಮುಗಿದ ಕೂಡಲೇ ಎಲ್ಲ ಒಳಗೆ ತಂದು ಕಪಾಟಿನಲ್ಲಿಡು. ಕಪಾಟು ಗೋಡೆಯಿಂದ ನಾಲ್ಕು ಬೆರಳು ದೂರ ಇರಲಿ. ಕಟ್ಟುಗಳಿಗೆ ರಬ್ಬರ್ ಬ್ಯಾಂಡ್ ಬೇಡ, ಸೆಕೆಗೆ ಅಂಟಿಕೊಂಡು ಕಲೆ ಬಿಡುತ್ತದೆ. ಹೊಸ ಚಪ್ಪಲಿ ಡಬ್ಬದಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಬಿಸಾಡದೆ ಅಲ್ಲಿ ಹಾಕು.

ನಮ್ಮ ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1841ರಲ್ಲಿ ಅಚ್ಚುಕೂಟ ಶುರು ಮಾಡಿದಾಗ ಕಲ್ಲಚ್ಚಿನಲ್ಲಿ ಒಂದೊಂದೇ ಹಾಳೆ ಒತ್ತಿ ತೆಗೆಯಬೇಕಿತ್ತು. ಈಗ ಸಾವಿರಗಟ್ಟಲೆ ಬಂಡಲ್ ಬಂದು ಬೀಳುತ್ತದೆ. ಈ ಅಸಡ್ಡೆ ಅದರಿಂದಲೇ ಅಂತ ನನ್ನ ಗುಮಾನಿ.

ಹರಿದದ್ದನ್ನು ರದ್ದಿಗೆ ಹಾಕುವ ಮೊದಲು ಪಾಸ್ಟರ್ ಅಯ್ಯನವರನ್ನು ಒಂದು ಮಾತು ಕೇಳು, ಭೇಲ್‌ ಕಟ್ಟುವ ಪೊಟ್ಟಣವಾಗಿ ಅದು ವಾಪಸ್ ಬಂದರೆ ಚೆನ್ನಾಗಿರಲ್ಲ. ಸ್ಟ್ಯಾಂಡಿನ ಕಾಲಿಗೂ ತುಕ್ಕು ಹಿಡಿದಿದೆ. ಮೇ ಮುಗಿಯುವುದರೊಳಗೆ ಉಜ್ಜಿಸಿ ಬಣ್ಣ ಹೊಡೆಸು, ದುಡ್ಡು ನಾನು ಕೊಡುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ